ನಲವತ್ತು ಹುಡುಗರು, ಒಂದೇ ಸರ್ವರ್

ಹಾಸನದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೆ. 40 ಟರ್ಮಿನಲ್, ಅಷ್ಟಕ್ಕೂ ಒಂದೇ ಹಳೇ ಸರ್ವರ್. ಬ್ಯಾಚ್ ತುಂಬಿತು ಅಂದರೆ ಎಂಟರ್ ಒತ್ತಿ ಸುಮ್ನೆ ಕೂರಬೇಕು. "ರ್‍ಯಾಮ್ ಹಾಕ್ಸೋಣ ಬಿಡಪ್ಪ" ಅಂದರು ವಿಭಾಗದ ಮುಖ್ಯಸ್ಥರು, ಎಚ್‌ಒಡಿ. "ಒಂದು ವಾರ ಕೊಡಿ ಸಾರ್, ಲೆಕ್ಕ ಹಾಕಿ ನೋಡ್ತೀನಿ" ಅಂದೆ.

ವಾಚು ಹಿಡಿದು ಹುಡುಗರ ಬೆನ್ನ ಹಿಂದೆ ನಿಂತೆ. ಉತ್ತರ ಬಂದ ಮೇಲೆ ಮತ್ತೆ ಎಂಟರ್ ಒತ್ತಲು ಎಷ್ಟು ಹೊತ್ತು? ಒಬ್ಬಳು ಎರರ್ ಸಾಲನ್ನು ತುಟಿ ಅಲ್ಲಾಡಿಸಿ ಓದುತ್ತಾ 40 ಸೆಕೆಂಡ್ ಕೂತಳು. ಪಕ್ಕದವನು ಓದಲೇ ಇಲ್ಲ, ಒಂದು ಸೆಮಿಕೋಲನ್ ಹಾಕಿ ಮತ್ತೆ ಒತ್ತಿದ. ಈ ಯೋಚನೆಯ ಸಮಯ ಸರಾಸರಿ 20 ಸೆಕೆಂಡ್ ಬಂತು. ಸರ್ವರ್ ಲಾಗ್ ನೋಡಿದರೆ ಒಂದು ಕೆಲಸಕ್ಕೆ 0.8 ಸೆಕೆಂಡ್.

ಮೊದಲ ಲೆಕ್ಕ ಎಡವಟ್ಟಾಯಿತು. 20 ಸೆಕೆಂಡಿಗೆ 40 ಕೆಲಸ, ಅಂದರೆ 32 ಸೆಕೆಂಡಿನ ದುಡಿಮೆ. ಹಾಗಾದರೆ ಕ್ಯೂ ಬೆಳೆಯುತ್ತಲೇ ಹೋಗಬೇಕು, ಅಲ್ವಾ? ಆದರೆ ಕಾಯುವುದು 12 ಸೆಕೆಂಡಿನ ಆಸುಪಾಸಲ್ಲೇ ನಿಂತಿತ್ತು.

ನಾನು ಲ್ಯಾಬನ್ನು ಬಸ್‌ಸ್ಟ್ಯಾಂಡ್ ಅಂದುಕೊಂಡಿದ್ದೆ. ಅಲ್ಲಿ ಕ್ಯೂ ಎಷ್ಟೇ ಉದ್ದ ಇರಲಿ, ಹೊಸಬರು ಬರುತ್ತಲೇ ಇರುತ್ತಾರೆ. ಲ್ಯಾಬಿನಲ್ಲಿ ಅದೇ 40 ಜನ. ಕಾಯುತ್ತಿರುವವನು ಹೊಸ ಕೆಲಸ ಕಳಿಸಲಾರ. ಅಮೆರಿಕದ ಎಂಐಟಿಯಲ್ಲಿ ಹಲವರು ಒಟ್ಟಿಗೆ ಹಂಚಿಕೊಂಡು ಬಳಸುತ್ತಿದ್ದ ಟೈಮ್‌ಶೇರಿಂಗ್ ಕಂಪ್ಯೂಟರನ್ನು 1965ರಲ್ಲಿ ಅಲ್ಲೇ ಓದುತ್ತಿದ್ದ ಆಲನ್ ಶೆರ್ ಹೀಗೇ ಲೆಕ್ಕ ಹಾಕಿದ್ದರು, ಒಬ್ಬ ರಿಪೇರಿಯವನು ಹಲವು ಮಿಷನ್ ನೋಡಿಕೊಳ್ಳುವ ಹಳೇ ಮಾದರಿ ಇಟ್ಟುಕೊಂಡು. ಸರ್ವರ್‌ಗೆ ಬಿಡುವೇ ಇಲ್ಲದಾಗ ಸೂತ್ರ ಸುಲಭ: ಜನರನ್ನು ಒಂದು ಕೆಲಸದ ಸಮಯದಿಂದ ಗುಣಿಸಿ, ಯೋಚನೆಯ ಸಮಯ ಕಳೆಯಿರಿ. 32ರಲ್ಲಿ 20 ಹೋದರೆ 12! ಇನ್ನೊಂದು ಲೆಕ್ಕವೂ ಸಿಕ್ಕಿತು. ಯೋಚನೆ, ಕೆಲಸ ಎರಡೂ ಸೇರಿ 20.8; ಅದನ್ನು 0.8ರಿಂದ ಭಾಗಿಸಿದರೆ 26. ಅಷ್ಟು ಜನ ದಾಟಿದ ಮೇಲೆ ಬಂದು ಕೂರುವ ಒಬ್ಬೊಬ್ಬರೂ ಎಲ್ಲರ ಕಾಯುವಿಕೆಗೆ 0.8 ಸೆಕೆಂಡ್ ಸೇರಿಸುತ್ತಾರೆ.

ಮೆಮೊರಿ ತುಂಬಿರಲೇ ಇಲ್ಲ, ರ್‍ಯಾಮ್ ಹಾಕಿದ್ದರೆ ದುಡ್ಡು ದಂಡ. ಬದಲಿಗೆ ಯಾವುದನ್ನು ಕಂಪೈಲ್ ಮಾಡಬೇಕು (ಅಂದರೆ ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸಬೇಕು) ಅಂತ ಹೇಳುವ ಮೇಕ್‌ಫೈಲ್ ಬರೆದುಕೊಟ್ಟೆ, ತಿದ್ದಿದ ಫೈಲ್ ಮಾತ್ರ ಕಂಪೈಲ್ ಆಗಲಿ ಅಂತ. ಒಂದು ಕೆಲಸದ ಸಮಯ ಸರಾಸರಿ 0.5 ಸೆಕೆಂಡಿಗೆ ಇಳಿಯಿತು. ಕಾಯುವುದು ಎರಡು ಮೂರು ಸೆಕೆಂಡಿಗೆ ಬಂತು. ಎಚ್‌ಒಡಿ ಕಾಫಿ ಕೊಡಿಸಿದರು.

ಆಮೇಲೆ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಕೊನೆಯ ಹತ್ತು ನಿಮಿಷ ಯಾರೂ ಎರರ್ ಓದುತ್ತಿಲ್ಲ, ತಿದ್ದು, ಒತ್ತು, ತಿದ್ದು, ಒತ್ತು. ವಾಚು ನೋಡಿದೆ. ಯೋಚನೆಯ ಸಮಯ 8 ಸೆಕೆಂಡಿಗೆ ಇಳಿದಿತ್ತು. 40 ಜನಕ್ಕೆ 0.5ರಂತೆ 20, ಅದರಲ್ಲಿ 8 ಹೋದರೆ ಮತ್ತೆ ಅದೇ 12.