ಮ್ಯಾಕ್ರೋ ಛಾಯಾಗ್ರಹಣಕ್ಕೆ ಮುನ್ನ ರೂಢಿಯಾಗಬೇಕಾದ ಕ್ಯಾಮೆರಾ ಪಾಠ

ಜಿಗಿಯುವ ಜೇಡದ ಕಣ್ಣುಗಳು ಪರದೆಯ ತುಂಬ ಹೊಳೆಯುವ ಚಿತ್ರವೊಂದನ್ನು ಕಂಡ ಮೇಲೆ ಮ್ಯಾಕ್ರೋ ಲೆನ್ಸ್ ಕೊಳ್ಳಬೇಕೆನಿಸುವುದು ಸಹಜ. ಆದರೆ ಜೇಡವನ್ನು ಹಿಗ್ಗಿಸುವ ಲೆನ್ಸೇ ಕೈನಡುಕವನ್ನೂ ಫೋಕಸ್‌ನ ತಪ್ಪನ್ನೂ ಹಿಗ್ಗಿಸಿ ತೋರಿಸುವುದರಿಂದ, ಸದ್ಯ ಕೈಯಲ್ಲಿರುವ ಸಾಮಾನ್ಯ ಲೆನ್ಸಿನಲ್ಲಿಯೇ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ರಂಧ್ರದ ಅಗಲ), ಶಟರ್ ವೇಗ (ಬೆಳಕನ್ನು ಒಳಬಿಡುವ ಹೊತ್ತು) ಮತ್ತು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಇವುಗಳ ಲೆಕ್ಕವನ್ನು ರೂಢಿಸಿಕೊಂಡು ಮುಂದುವರಿಯುವುದು ಲೇಸು.

ಕ್ಯಾಮೆರಾವನ್ನು ಈ ಮೂರನ್ನೂ ನಾವೇ ಹೊಂದಿಸುವ ಮ್ಯಾನ್ಯುಯಲ್ ಮೋಡ್‌ಗೆ ಹಾಕಿ, ಬೆಳಕು ಬೇಗ ಬದಲಾಗದ ಹೊತ್ತಿನಲ್ಲಿ ಕಿಟಕಿಯ ಬಳಿ ಯಾವುದಾದರೊಂದು ವಸ್ತುವಿನ ಚಿತ್ರ ತೆಗೆಯಿರಿ. ಎಫ್/5.6, ಸೆಕೆಂಡಿನ 1/200 ಭಾಗ, ಐಎಸ್‌ಒ 400 ಇಟ್ಟಾಗ ಹೊಳಪು ಸರಿಬಂದಿತೆನ್ನೋಣ. ಅಪರ್ಚರನ್ನು ಎಫ್/8ಕ್ಕೆ ಕಿರಿದಾಗಿಸಿದರೆ (ಎಫ್ ಸಂಖ್ಯೆ ಹೆಚ್ಚಿದಷ್ಟೂ ರಂಧ್ರ ಕಿರಿದು) ಒಳಬರುವ ಬೆಳಕು ಅರ್ಧವಾಗುತ್ತದೆ; ಛಾಯಾಗ್ರಾಹಕರು ಇದನ್ನು ಒಂದು ಸ್ಟಾಪ್ ಎನ್ನುತ್ತಾರೆ. ಮೊದಲಿನ ಹೊಳಪೇ ಬೇಕಾದರೆ ಶಟರನ್ನು 1/100ಕ್ಕೆ ಇಳಿಸಬೇಕು, ಇಲ್ಲವೇ ಐಎಸ್‌ಒವನ್ನು 800ಕ್ಕೆ ಏರಿಸಬೇಕು. ವ್ಯೂಫೈಂಡರಿನಿಂದ ಕಣ್ಣು ತೆಗೆಯದೆ ಬೆರಳುಗಳೇ ಡಯಲ್‌ಗಳನ್ನು ಹುಡುಕಿಕೊಳ್ಳುವವರೆಗೆ ಈ ಅಭ್ಯಾಸ ನಡೆಯಲಿ.

ಮುಂದಿನ ಪಾಠಕ್ಕೆ ಮಕ್ಕಳ ಶಾಲೆಯ ಸ್ಕೇಲ್ ಸಾಕು. ಅದನ್ನು ಮೇಜಿನ ಮೇಲೆ ಕ್ಯಾಮೆರಾದಿಂದ ದೂರ ಹೋಗುವಂತೆ ಉದ್ದಕ್ಕೆ ಮಲಗಿಸಿ, ಓರೆಯಾಗಿ ಮೇಲಿನಿಂದ ನೋಡುತ್ತ, 10 ಸೆಂಟಿಮೀಟರಿನ ಗೆರೆಗೆ ಫೋಕಸ್ ಮಾಡಿ ಎಫ್/4, ಎಫ್/8, ಎಫ್/16ರಲ್ಲಿ ಒಂದೊಂದು ಚಿತ್ರ ತೆಗೆಯಿರಿ. ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ, ಎಷ್ಟು ಮಿಲಿಮೀಟರ್ ಗೆರೆಗಳು ಸ್ಪಷ್ಟವಾಗಿವೆ ಎಂಬುದನ್ನು ನೇರವಾಗಿ ಎಣಿಸಬಹುದು; ಎಫ್ ಸಂಖ್ಯೆ ಏರಿದಂತೆ ಎಣಿಕೆಯೂ ಏರುತ್ತದೆ. ಲೆನ್ಸ್ ಬಿಟ್ಟಷ್ಟೂ ಹತ್ತಿರ ಸರಿದು ಮತ್ತೆ ತೆಗೆದರೆ ಆ ಎಣಿಕೆ ಥಟ್ಟನೆ ಇಳಿಯುತ್ತದೆ. ವಸ್ತುವು ಸೆನ್ಸರಿನ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕದ) ಮೇಲೆ ತನ್ನ ನಿಜ ಗಾತ್ರದಲ್ಲಿಯೇ ಮೂಡುವ 1:1 ಪ್ರಮಾಣದಲ್ಲಿ, ಫುಲ್ ಫ್ರೇಮ್ (35 ಎಂಎಂ ಫಿಲ್ಮಿನಷ್ಟು ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ ಎಫ್/8 ಇಟ್ಟರೂ ಸ್ಪಷ್ಟವಾಗಿ ಉಳಿಯುವ ಆಳ ಸುಮಾರು 1 ಮಿಲಿಮೀಟರ್ ಮಾತ್ರ. ಜೇಡದ ಕಣ್ಣು ಸಿಕ್ಕರೆ ಹಿಂಗಾಲು ಮಸುಕು.

ಹಾಗಾದರೆ ಎಫ್/22 ಇಡಬಾರದೇಕೆ ಎಂಬ ಪ್ರಶ್ನೆ ಏಳುತ್ತದೆ. ಕಿರಿದಾದ ರಂಧ್ರದಲ್ಲಿ ಬೆಳಕು ಬಾಗಿ ಹರಡುವುದರಿಂದ ಇಡೀ ಚಿತ್ರವೇ ಮೊಂಡಾಗುತ್ತದೆ. ಇದಲ್ಲದೆ, ಸಾಧಾರಣ ಲೆಕ್ಕದಲ್ಲಿ 1:1ರ ಹೊತ್ತಿಗೆ ಎಫ್/8 ಎಂದು ಇಟ್ಟದ್ದು ಎಫ್/16ರಂತೆ ವರ್ತಿಸಿ, ಎರಡು ಸ್ಟಾಪ್ ಬೆಳಕನ್ನು ನುಂಗಿಹಾಕುತ್ತದೆ. ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರ್ ಇದನ್ನು ತಾನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ನಿಜ. ಬೆಳಕನ್ನು ತರಬೇಕಾದವರು ಮಾತ್ರ ನಾವೇ. ಈ ಕಾರಣಕ್ಕೆ ಅನುಭವಿಗಳು ದುಬಾರಿ ಲೆನ್ಸಿಗಿಂತ ಮೊದಲು ಫ್ಲ್ಯಾಶಿನ ಮಾತೆತ್ತುತ್ತಾರೆ, ಅದು ಸರಿಯೂ ಹೌದು. ಕಡಿಮೆ ಶಕ್ತಿಯಲ್ಲಿ ಫ್ಲ್ಯಾಶಿನ ಮಿಂಚು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಬೇಗ ಮುಗಿಯುವುದರಿಂದ ಕೈನಡುಕ ಚಿತ್ರದಲ್ಲಿ ಕಾಣಿಸಿಕೊಳ್ಳುವುದಿಲ್ಲ; ಅದರ ಮುಂದೆ ಬಿಳಿ ಕಾಗದವನ್ನೋ ತೆಳುಬಟ್ಟೆಯನ್ನೋ ಅಡ್ಡ ಹಿಡಿದರೆ ದುಂಬಿಯ ಬೆನ್ನಿನ ಮೇಲೆ ಬಿಳಿಯ ಕಲೆ ಬೀಳುವುದೂ ತಗ್ಗುತ್ತದೆ. ಶಟರನ್ನು ಮಾತ್ರ ಕ್ಯಾಮೆರಾದ ಸಿಂಕ್ ವೇಗದೊಳಗೆ (ಫ್ಲ್ಯಾಶ್ ಇಡೀ ಚಿತ್ರವನ್ನು ಬೆಳಗಿಸಬಲ್ಲ ಅತಿ ಹೆಚ್ಚಿನ ಶಟರ್ ವೇಗ), ಸಾಮಾನ್ಯವಾಗಿ 1/200ರ ಆಸುಪಾಸಿನಲ್ಲಿ ಇಡಬೇಕು.

ಫೋಕಸ್ ರಿಂಗ್ ತಿರುಗಿಸುತ್ತ ಕೂರುವ ಅಭ್ಯಾಸವನ್ನು ಈಗಲೇ ಬಿಡುವುದೊಳ್ಳೆಯದು. ಮ್ಯಾನ್ಯುಯಲ್ ಫೋಕಸ್‌ನಲ್ಲಿ ದೂರವನ್ನು ನಿಗದಿಪಡಿಸಿ, ಮೊಣಕೈಗಳನ್ನು ಪಕ್ಕೆಗೋ ನೆಲಕ್ಕೋ ಊರಿ, ಮೈಯನ್ನು ಕೂದಲೆಳೆಯಷ್ಟು ಹಿಂದೆಮುಂದೆ ಆಡಿಸುತ್ತ, ಕಣ್ಣು ಸ್ಪಷ್ಟವಾದ ಕ್ಷಣದಲ್ಲಿ ಗುಂಡಿ ಒತ್ತಬೇಕು. ನಾಣ್ಯವೊಂದನ್ನು ಗೋಡೆಗೆ ಒರಗಿಸಿ ಈ ಅಭ್ಯಾಸ ಮಾಡಬಹುದು: ಸೆನ್ಸರ್ ನಾಣ್ಯಕ್ಕೆ ಸಮಾನಾಂತರವಾಗಿದ್ದರೆ ಅಂಚಿನಿಂದ ಅಂಚಿಗೆ ಅಕ್ಷರಗಳೆಲ್ಲ ಸ್ಪಷ್ಟ, ತುಸು ಓರೆಯಾದರೂ ಅರ್ಧ ಮಸುಕು. ರೆಕ್ಕೆ ಮಡಚಿ ಕುಳಿತ ಚಿಟ್ಟೆಯನ್ನು ಪಕ್ಕದಿಂದ ತೆಗೆಯುವುದರ ಹಿಂದಿರುವ ಉಪಾಯವೂ ಇದೇ.

ಇಷ್ಟೂ ಕೈಹತ್ತಿದ ಮೇಲೆ ಲೆನ್ಸಿಗೆ ಮೊದಲು ಎಕ್ಸ್‌ಟೆನ್ಷನ್ ಟ್ಯೂಬ್ ಪ್ರಯತ್ನಿಸಬಹುದು. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂರಿಸುವ, ಒಳಗೆ ಗಾಜಿಲ್ಲದ ಈ ಕೊಳವೆ 25 ಮಿಲಿಮೀಟರಿನದಾದರೆ, ಅನಂತ ದೂರಕ್ಕೆ ಫೋಕಸ್ ಮಾಡಿದ 50 ಎಂಎಂ ಲೆನ್ಸಿನಲ್ಲಿ ಸೆನ್ಸರಿನ ಮೇಲೆ ವಸ್ತುವಿನ ಅರ್ಧ ಗಾತ್ರದ ಚಿತ್ರ ಸಿಗುತ್ತದೆ. ತೀರ ಅಗ್ಗದವುಗಳಲ್ಲಿ ವಿದ್ಯುತ್ ಸಂಪರ್ಕದ ಬಿಂದುಗಳಿರುವುದಿಲ್ಲವಾದ್ದರಿಂದ, ಅಪರ್ಚರ್ ರಿಂಗ್ (ಅಪರ್ಚರನ್ನು ಕೈಯಿಂದಲೇ ಬದಲಿಸುವ ಬಳೆ) ಇಲ್ಲದ ಲೆನ್ಸುಗಳಿಗೆ ಅವು ಹೊಂದುವುದಿಲ್ಲ. ಕೊನೆಗೆ ಮ್ಯಾಕ್ರೋ ಲೆನ್ಸನ್ನೇ ಕೊಳ್ಳುವುದಾದರೆ, ಪೆಟ್ಟಿಗೆಯ ಮೇಲಿನ ಕನಿಷ್ಠ ಫೋಕಸ್ ದೂರವನ್ನು ಸೆನ್ಸರಿನಿಂದ ಅಳೆದಿರುತ್ತಾರೆ ಎಂಬುದು ನೆನಪಿರಲಿ: 100 ಎಂಎಂ ಲೆನ್ಸಿಗೆ ಸುಮಾರು 30 ಸೆಂಟಿಮೀಟರ್ ಎಂದಿದ್ದರೂ ಲೆನ್ಸಿನ ಮೂತಿಯಿಂದ ಕೀಟಕ್ಕೆ ಉಳಿಯುವುದು ಅದರ ಅರ್ಧದಷ್ಟೇ, 60 ಎಂಎಂ ಲೆನ್ಸಿನಲ್ಲಿ ಇನ್ನೂ ಕಡಿಮೆ.