ಕೋಲಾರದ ಕೆರೆಗಳನ್ನು ಡಬ್ಲ್ಯುಎಂಎಸ್‌ಗೆ ಏರಿಸಿದ ಬಗೆ

ಡಬ್ಲ್ಯುಎಂಎಸ್ ಎಂದರೆ ಕೇಳಿದ ಜಾಗದ ನಕ್ಷೆಯನ್ನು ಚಿತ್ರವಾಗಿ ಕಳುಹಿಸುವ ವೆಬ್ ಸೇವೆ. ಕೋಲಾರ ಜಿಲ್ಲೆಯ ಕೆರೆಗಳ ಶೇಪ್‌ಫೈಲನ್ನು (ನಕ್ಷೆಯ ಡೇಟಾ ಇರುವ ಫೈಲ್) ಜಿಯೋಸರ್ವರ್‌ಗೆ (ನಕ್ಷೆಗಳನ್ನು ವೆಬ್‌ನಲ್ಲಿ ಹಂಚುವ ತಂತ್ರಾಂಶ) ಹಾಕಿ ಪಬ್ಲಿಷ್ ಒತ್ತುವುದು ಹತ್ತು ನಿಮಿಷದ ಕೆಲಸ. ತಲೆನೋವು ಶುರುವಾಗುವುದು ಆಮೇಲೆ.

ಮೊದಲು ಪ್ರೊಜೆಕ್ಷನ್, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಬಗೆ. ಭೂಮಿಯನ್ನು ರೇಖಾಂಶದ ಪ್ರಕಾರ ವಲಯಗಳಾಗಿ ಹಂಚುವ ಯುಟಿಎಂ ಪದ್ಧತಿಯ 43 ಮತ್ತು 44ನೇ ವಲಯಗಳ ಗಡಿಯಾದ 78 ಡಿಗ್ರಿ ರೇಖಾಂಶ ಈ ಜಿಲ್ಲೆಯ ನಡುವೆಯೇ ಹಾದುಹೋಗುತ್ತದೆ. ಮಾಲೂರು ಇತ್ತ, ಮುಳಬಾಗಿಲು ಅತ್ತ. ಕೆರೆಗಳ ಪದರವನ್ನು (ಲೇಯರ್) ಎರಡಾಗಿ ಒಡೆಯಲು ಹೋಗಲಿಲ್ಲ, ಎಲ್ಲವನ್ನೂ 43ರಲ್ಲೇ (ನಿರ್ದೇಶಾಂಕ ಪದ್ಧತಿಗಳಿಗೆ ಕೊಡುವ ಇಪಿಎಸ್‌ಜಿ ಸಂಖ್ಯೆಯಲ್ಲಿ 32643) ಇಟ್ಟೆ. ಪೂರ್ವದ ಅಂಚಿನಲ್ಲೂ ಕೆರೆಯ ವಿಸ್ತೀರ್ಣ ತಪ್ಪುವುದು ಸುಮಾರು ಶೇ 0.3ರಷ್ಟು ಮಾತ್ರ.

ಜಿಯೋಸರ್ವರ್ ಶೇಪ್‌ಫೈಲನ್ನು ಕನ್ನಡವಿಲ್ಲದ ಐಎಸ್‌ಒ-8859-1 ಅಕ್ಷರಸಂಕೇತ ಎಂದುಕೊಂಡೇ ಓದುತ್ತದೆ, ಕೆರೆಯ ಹೆಸರೆಲ್ಲ ಕಲಸುಮೇಲೋಗರ. ಸ್ಟೋರ್‌ನಲ್ಲಿ (ಜಿಯೋಸರ್ವರ್‌ಗೆ ಫೈಲನ್ನು ಜೋಡಿಸಿದ ಕಡೆ) ಕ್ಯಾರೆಕ್ಟರ್‌ಸೆಟ್ ಅನ್ನು ಯುಟಿಎಫ್-8 ಮಾಡಿದರೆ ಸರಿಹೋಗುತ್ತದೆ. ಕಾಲಂಗೆ ಮಾತ್ರ ಕನ್ನಡ ಹೆಸರಿಡಬೇಡಿ: ಅಲ್ಲಿರುವುದು 10 ಬೈಟ್, ಕನ್ನಡದ ಒಂದೊಂದು ಅಕ್ಷರಚಿಹ್ನೆಗೂ 3 ಬೈಟ್ ಬೇಕು. ‘ಕೆರೆ’ ಎಂಬುದೇ 12 ಬೈಟ್!

ಲೇಬಲ್ ಜಾಗದಲ್ಲಿ ಚೌಕಗಳು ಕಂಡರೆ ಸರ್ವರ್‌ನಲ್ಲಿ ಕನ್ನಡ ಫಾಂಟ್ ಇಲ್ಲವೆಂದೇ ಅರ್ಥ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿದ್ದು ಉಪಯೋಗವಿಲ್ಲ, ಏಕೆಂದರೆ ಚಿತ್ರ ಬರೆಯುವುದು ಸರ್ವರ್. ನೋಟೊ ಸ್ಯಾನ್ಸ್ ಕನ್ನಡ ಹಾಕಿ, ರೀಸ್ಟಾರ್ಟ್ ಮಾಡಿ, ಸರ್ವರ್ ಸ್ಟೇಟಸ್ ಪುಟದ ಫಾಂಟ್ ಪಟ್ಟಿಯಲ್ಲಿ ಕಾಣುವ ಹೆಸರನ್ನೇ ಯಥಾವತ್ತಾಗಿ ಎಸ್‌ಎಲ್‌ಡಿಗೆ (ನಕ್ಷೆಯ ಬಣ್ಣ, ಲೇಬಲ್ ಹೇಗಿರಬೇಕೆಂದು ಹೇಳುವ ಫೈಲ್) ಬರೆದೆ. ಒತ್ತಕ್ಷರ ಸರಿಯಾಗಿ ಕೂತಿದೆಯೇ ಎಂದು ‘ದೊಡ್ಡಕೆರೆ’ಯಂಥ ಹೆಸರಿನಲ್ಲಿ ನೋಡಿಕೊಳ್ಳಿ.

ಹೆಚ್ಚು ಜನ ಎಡವುವುದು ಅಕ್ಷಗಳ ಕ್ರಮದಲ್ಲಿ. ಇಪಿಎಸ್‌ಜಿ 4326ರಲ್ಲಿ (ಅಕ್ಷಾಂಶ, ರೇಖಾಂಶದ ಡಿಗ್ರಿಗಳಲ್ಲಿ) ನಕ್ಷೆ ಕೇಳುವಾಗ ಡಬ್ಲ್ಯುಎಂಎಸ್‌ನ 1.1.1 ಆವೃತ್ತಿಗೆ ರೇಖಾಂಶ ಮೊದಲು: 77.8,12.7,78.6,13.5. ಅದೇ 1.3.0ಕ್ಕೆ ಅಕ್ಷಾಂಶ ಮೊದಲು: 12.7,77.8,13.5,78.6. ಹಳೆಯ ಕ್ರಮವನ್ನೇ 1.3.0ಕ್ಕೆ ಕೊಟ್ಟರೆ ಎರರ್ ಏನೂ ಬರುವುದಿಲ್ಲ, ಬಿಳಿ ಚಿತ್ರ ಬರುತ್ತದೆ. ನೀವು ಕೇಳಿದ್ದು ಕೋಲಾರವನ್ನಲ್ಲ, ಉತ್ತರ ಧ್ರುವದ ಹತ್ತಿರದ ಸ್ವಾಲ್‌ಬಾರ್ಡ್ ಕರಾವಳಿಯನ್ನು. ಅಲ್ಲಿ ನಮ್ಮ ಕೆರೆ ಎಲ್ಲಿಂದ ಬರಬೇಕು? ವೆಬ್ ನಕ್ಷೆಗಳ ಇಪಿಎಸ್‌ಜಿ 3857 ಬಳಸಿದರೆ ಈ ರಗಳೆಯೇ ಇಲ್ಲ.

ಇನ್ನೊಂದು ವಿಷಯ: ಬರೀ ಚಿತ್ರ ಹಂಚುತ್ತಿದ್ದೇವೆ ಎಂದುಕೊಂಡಿರುತ್ತೇವೆ, ಆದರೆ ಚಿತ್ರದ ಬದಲು ಡೇಟಾವನ್ನೇ ಕೊಡುವ ಡಬ್ಲ್ಯುಎಫ್‌ಎಸ್ ಸೇವೆ ಕೂಡ ತಾನಾಗಿಯೇ ತೆರೆದಿರುತ್ತದೆ; ಮೂಲ ಡೇಟಾವನ್ನೇ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಬೇಡವಾದರೆ ಅದನ್ನು ಆಫ್ ಮಾಡಿ.

ಮುಂದೆ ಪದರವನ್ನು ಪೋಸ್ಟ್‌ಜಿಐಎಸ್ ಡೇಟಾಬೇಸ್‌ಗೆ ಸಾಗಿಸಿದರೆ, ಅಲ್ಲಿ ನೇರವಾಗಿ ಮಾಡಿದ ತಿದ್ದುಪಡಿ ಟೈಲ್ ಕ್ಯಾಶ್‌ಗೆ (ಮೊದಲೇ ಬರೆದಿಟ್ಟ ನಕ್ಷೆಯ ತುಂಡುಗಳ ಸಂಗ್ರಹ) ಗೊತ್ತಾಗುವುದಿಲ್ಲ. ಪ್ರತಿ ಸಲ ಆ ಪದರಕ್ಕೆ ಟ್ರಂಕೇಟ್ ಕೊಟ್ಟು ಹಳೆಯ ಟೈಲ್‌ಗಳನ್ನು ಅಳಿಸಬೇಕು, ಇಲ್ಲದಿದ್ದರೆ ಟೈಲ್‌ಗಳಲ್ಲಿ ಹಳೆಯ ಗಡಿಯೇ ಕಾಣುತ್ತಿರುತ್ತದೆ.