ಲೇತ್ ನಮ್ಮದೇ, ಆದರೂ ತ್ರೆಡ್ ಹೊಡೆಯಲಿಲ್ಲ

ತುಮಕೂರಿನ ಅಂತರಸನಹಳ್ಳಿಯಲ್ಲಿ ನನ್ನದೊಂದು ಸಣ್ಣ ಲೇತ್ ಶಾಪ್. ದಿನಾ ಪಂಪಿನ ಶಾಫ್ಟು, ಬುಷ್ಷು, ಇಷ್ಟೇ. ಮನೆಯಲ್ಲಿ ಅಪ್ಪನ ಕಾಲದ ಪಾಯಿಂಟ್ 22 ರೈಫಲ್ ಇದೆ. ಲೈಸೆನ್ಸ್ ಈಗ ನನ್ನ ಹೆಸರಿನಲ್ಲಿದೆ. 2024ರ ಲೋಕಸಭೆ ಚುನಾವಣೆಗೆ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ಬಿಡಿಸಿಕೊಂಡು ಬಂದೆ. ಆಮೇಲೆ ಗುರಿ ಅಭ್ಯಾಸದ ರೇಂಜಿಗೆ ಹೋದರೆ 50 ಮೀಟರಿನಲ್ಲಿ ಗುಂಡುಗಳು ಚೆಲ್ಲಾಪಿಲ್ಲಿ.

ಶಾಪಿನ ಹುಡುಗ ಅಮೆರಿಕದ ಯಾವುದೋ ವಿಡಿಯೋ ನೋಡಿದ್ದ. "ಅಣ್ಣ, ಮೂತಿಗೆ ತ್ರೆಡ್ ಹೊಡೆದು ಬ್ರೇಕ್ ಕೂರಿಸೋಣ. ಅರ್ಧ ಗಂಟೆ ಕೆಲಸ" ಅಂದ. ಅಂದರೆ ನಳಿಗೆಯ ತುದಿಗೆ ತಿರುಪು ಕೊರೆದು, ಬಂದೂಕಿನ ಒದೆತ ತಗ್ಗಿಸುವ ತುಂಡೊಂದನ್ನು ತಿರುಗಿಸಿ ಹಾಕುವುದು. ಲೇತ್ ಇಟ್ಟುಕೊಂಡವನ ಕಷ್ಟ ಇದೇ ನೋಡಿ, ಕಂಡದ್ದನ್ನೆಲ್ಲ ಲೇತಿಗೆ ಕಟ್ಟಿ ಕೊರೆಯೋಣ ಅನಿಸುತ್ತದೆ.

ರೈಫಲ್ಲಿನ ಹಿಂಭಾಗ ಮುಚ್ಚುವ ಬೋಲ್ಟ್ ತೆಗೆದಿಟ್ಟು, ಮೂತಿಗೆ ಗೀರು ಬೀಳದ ಹಾಗೆ ಅಳೆದೆ. ಹೊರಗಿನ ವ್ಯಾಸ 15 ಮಿ.ಮೀ. ಅಮೆರಿಕದಲ್ಲಿ ಪಾಯಿಂಟ್ 22ಕ್ಕೆ ರೂಢಿಯಲ್ಲಿರುವುದು ಅರ್ಧ ಇಂಚು ವ್ಯಾಸ, ಇಂಚಿಗೆ 28 ತ್ರೆಡ್. ಅಷ್ಟು ಕೊರೆದರೂ ತೂತಿನ ಸುತ್ತ ಸುಮಾರು 3 ಮಿ.ಮೀ. ಉಕ್ಕು ಉಳಿಯುತ್ತದೆ. ಬ್ರೇಕ್ ಒತ್ತಿ ಕೂರುವುದಕ್ಕೆ ಮೆಟ್ಟಿಲೂ ಸಿಗುತ್ತದೆ. ಆದರೆ ನಳಿಗೆಯ ಗೋಡೆಯ ದಪ್ಪ ಒಂದು ಕಡೆ 4.8 ಮಿ.ಮೀ., ಎದುರು ಕಡೆ 4.6. ಅಂದರೆ ತೂತು ನಡುಮಧ್ಯ ಇಲ್ಲ. ಹೊರಮೈ ಹಿಡಿದು ಸೆಂಟರ್ ಮಾಡಿದರೆ ತ್ರೆಡ್ ತೂತಿಗೆ ಸರಿಯಾಗಿ ಬರುವುದಿಲ್ಲ. ಮೇಲೆ ತಿರುಗಿಸಿದ್ದಕ್ಕೆ ಗುಂಡು ತಾಗಿದರೂ ತಾಗಬಹುದು. ತೂತನ್ನೇ ಡಯಲ್ ಅಳತೆ ಸಾಧನ ಇಟ್ಟು ಸೆಂಟರ್ ಮಾಡಬೇಕು. ಅದೂ ನನಗೆ ಬರುತ್ತದೆ.

ಹಾಗಾದರೆ ತ್ರೆಡ್ ಮೇಲೆ ಹಾಕೋದೇನು? ಪಾಯಿಂಟ್ 22 ಭುಜಕ್ಕೆ ಒದೆಯುವುದೇ ಇಲ್ಲ, ಬ್ರೇಕ್ ಸುಮ್ನೆ ಅಲಂಕಾರ. ಸದ್ದು ತಗ್ಗಿಸುವ ಕೊಳವೆ 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ತಾನೇ ಒಂದು ಬಂದೂಕಿನ ಲೆಕ್ಕ. ಬಂದೂಕು ರಿಪೇರಿ ಮಾಡುವುದಕ್ಕೂ, ಮಾರ್ಪಡಿಸುವುದಕ್ಕೂ ಬೇರೆ ಲೈಸೆನ್ಸ್ ಬೇಕು. ನನ್ನದು ಇಟ್ಟುಕೊಳ್ಳುವ ಲೈಸೆನ್ಸ್, ಕೊರೆಯುವುದಲ್ಲ. ಮುಂದಿನ ಚುನಾವಣೆಗೆ ಒಪ್ಪಿಸುವಾಗ ಠಾಣೆಯವರು ಮೂತಿ ನೋಡಿ "ಇದೇನ್ರೀ?" ಅಂದರೆ ನಾನು ಏನು ಹೇಳಲಿ? ಫ್ಯಾಕ್ಟರಿಯವರು ಕೊಟ್ಟ ಮೂತಿಯ ಅಂಚು ಒಮ್ಮೆ ಕೆಟ್ಟರೆ ಗುರಿಯೂ ಕೆಡುತ್ತದೆ, ಅದು ಬೇರೆ.

ಬಿಟ್ಟೆ. ಬೆಂಗಳೂರಿನಲ್ಲಿ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರ ಹತ್ತಿರ ತೆಗೆದುಕೊಂಡು ಹೋದೆ. ಅವರು ಮೂತಿ ನೋಡಿದರು, ಅಂಚು ಚೆನ್ನಾಗಿದೆ ಅಂದರು. ಆಮೇಲೆ ಮರದ ಹಿಡಿ ಅಲ್ಲಾಡಿಸಿ ನಕ್ಕರು. ಅದನ್ನು ಹಿಡಿದಿರುವ ಎರಡೂ ಸ್ಕ್ರೂ ಸಡಿಲ! ಬಿಗಿ ಮಾಡಿಕೊಟ್ಟರು, ದುಡ್ಡೂ ತಗೊಳ್ಳಲಿಲ್ಲ. ಮುಂದಿನ ವಾರ ರೇಂಜಿನಲ್ಲಿ ಐದು ಗುಂಡೂ ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದವು.

ಶಾಪಿನ ಹುಡುಗನಿಗೆ ಸ್ಕ್ರೂ ವಿಷಯ ಇನ್ನೂ ಹೇಳಿಲ್ಲ.